ಸರ್ವೇ ಸುಂಕಲಮ್ಮ ಕೊಟ್ಟ ಮಾತು

2025ರ ಫೆಬ್ರವರಿ 17, ಸೋಮವಾರ, ಬೆಳಿಗ್ಗೆ 10.20. ಬಳ್ಳಾರಿಯ ಠಾಣೆಗೆ ಪ್ರಭುಲಿಂಗ ಎಂಬ ಸಂಶೋಧಕ ಬಂದು, ತಮ್ಮ ಅಧ್ಯಯನ ಕೇಂದ್ರದ ಉಗ್ರಾಣದಿಂದ ಮೂರು ಚೀಲ ಹಳೆಯ ಕಾಗದ ಕಳುವಾಗಿದೆ ಎಂದು ದೂರು ಬರೆದುಕೊಟ್ಟ.

ಇನ್‌ಸ್ಪೆಕ್ಟರ್ ಗಾದಿಲಿಂಗಪ್ಪ ದೂರನ್ನು ಎರಡು ಸಲ ಓದಿದ.

"ರದ್ದಿ ಕಾಗದಕ್ಕ ಎಫ್ಐಆರ್ ಬೇಕೇನ್ರಿ?"

"ರದ್ದಿ ಅಲ್ರಿ ಸರ್. 1998ರ ಸರ್ವೇ ಫಾರಂ. ಸಿರುಗುಪ್ಪ ಕಡೆ ಒಂಬತ್ನೂರು ಹೆಣ್ಮಕ್ಕಳ ಜವಾಬು. ಈಗ ನಾವು ಆನ್‌ಲೈನ್‌ನಾಗ ಲಿಂಕ್ ಕಳಿಸಿದ್ರ ನೂರಕ್ಕ ಹತ್ತು ಮಂದೀನೂ ಬಾಯಿ ಬಿಡಂಗಿಲ್ಲ. ಆ ಫಾರಂ ಸ್ಕ್ಯಾನ್ ಮಾಡಿ, ಫೇಸ್‌ಬುಕ್ ಮಾಹಿತಿ ಜೊತಿ ಕೂಡಿಸಿ, ಎಐಗೆ ಕೊಡೋರಿದ್ವಿ."

ಹನ್ನೆರಡು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಬೀಗ ಒಡೆದಿರಲಿಲ್ಲ, ಕಿಟಕಿ ಮುರಿದಿರಲಿಲ್ಲ. ಶನಿವಾರ ಮಧ್ಯಾಹ್ನ ಒಬ್ಬ ಹೆಂಗಸು ಚೀಲಗಳನ್ನು ಆಟೋಗೆ ಹಾಕಿಕೊಂಡು ಹೋದಳೆಂದೂ, ರದ್ದಿಯವಳೆಂದು ತಾನು ಸುಮ್ಮನಿದ್ದೆನೆಂದೂ ಕಾವಲುಗಾರ ಹೇಳಿದ.

ಎರಡು ದಿನ ಏನೂ ಸಿಗಲಿಲ್ಲ. ಬುಧವಾರ ಬೆಳಿಗ್ಗೆ ಕಾನ್‌ಸ್ಟೆಬಲ್ ಐಶ್ವರ್ಯ ಮೊಬೈಲ್ ಹಿಡಿದು ಬಂದಳು. ಹಚ್ಚೊಳ್ಳಿಯ ಹುಡುಗಿಯೊಬ್ಬಳು ಫೇಸ್‌ಬುಕ್ಕಿಗೆ ಹಳದಿಗಟ್ಟಿದ ಹಾಳೆಯೊಂದರ ಫೋಟೋ ಹಾಕಿದ್ದಳು: 'ನಮ್ಮಜ್ಜಿಯ ಹೆಬ್ಬೆಟ್ಟು, 1998.'

ಜೀಪು ಸಿರುಗುಪ್ಪ ದಾಟಿ ಹಚ್ಚೊಳ್ಳಿ ಮುಟ್ಟಿದಾಗ ಹನ್ನೊಂದೂವರೆ. ಹೆಬ್ಬೆಟ್ಟಿನ ಒಡತಿ ಈರಮ್ಮ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದಳು. ಫೋಟೋ ಹಾಕಿದ ಮೊಮ್ಮಗಳು ಪಕ್ಕದಲ್ಲೇ ನಿಂತಿದ್ದಳು.

"ಈ ಹಾಳಿ ಯಾರು ಕೊಟ್ರವ್ವ?" ಗಾದಿಲಿಂಗಪ್ಪ ಕೇಳಿದ.

"ಸರ್ವೇ ಸುಂಕಲಮ್ಮ, ಕುರುಗೋಡಿನಾಕಿ. ಭಾನುವಾರ ಬಂದಿದ್ಲು." ಮುದುಕಿಯ ಮುಖ ಅರಳಿತು. "ಆಗ ಬಸ್ಸಿಲ್ಲ ಏನಿಲ್ಲ. ಛತ್ರಿ ಹಿಡ್ಕೊಂಡು ಕಾಲುವಿ ಏರಿ ಮ್ಯಾಲ ನಡಕೊಂತ ಬರಾಕಿ. ನಾ ರೊಟ್ಟಿ ಬಡ್ಕೊಂತ ಹೇಳಾಕಿ, ಆಕಿ ಒಲಿ ಮುಂದ ಕುಂತು ಬರಿಯಾಕಿ. ಒಂದು ಪುಟ್ಟಿ ರೊಟ್ಟಿ ಮುಗಿದ್ರೂ ನಮ್ಮ ಮಾತು ಮುಗೀತಿದ್ದಿಲ್ಲ. ಹಂಗ ಯಾರು ಕೇಳ್ತಾರಪ್ಪ ಈಗ?"

"ಉಳಿದ ಹಾಳಿ ಎಲ್ಲಿ?"

"ಒಲ್ಯಾಗ ಹಾಕ್ದೆ."

"ಏನಿತ್ತು ಅದ್ರಾಗ?"

ಈರಮ್ಮ ಮೊಮ್ಮಗಳ ಕಡೆ ಒಮ್ಮೆ ನೋಡಿದಳು. "ಅದು ಆಕಿಗೆ ಹೇಳಿದ ಮಾತು. ನಿಮಗಲ್ಲ."

ಅದೇ ದಿನ ಮಧ್ಯಾಹ್ನ 3.40ಕ್ಕೆ ಕುರುಗೋಡು. ಐವತ್ತೈದರ ಆಸುಪಾಸಿನ ಸುಂಕಲಮ್ಮ ಬಾಗಿಲು ತೆಗೆದು, ಪೊಲೀಸರನ್ನು ನೋಡಿ, ಒಳಗಿಂದ ಚಾಪೆ ತಂದು ಹಾಸಿದಳು. ಗೋಡೆಗೆ ಒಂದೇ ಒಂದು ಚೀಲ ಒರಗಿತ್ತು.

"ಇನ್ನೆರಡು?"

"ನೀರು ಕಾಸೋ ಒಲಿಗೆ ಹಾಕೀನ್ರಿ."

"ಕೀಲಿ?"

"ನನ್ನ ಹತ್ರನ ಇತ್ತು. ನೌಕರಿ ಬಿಡಿಸಿದಾಗ ಯಾರೂ ವಾಪಸ್ ಕೇಳಲಿಲ್ಲ. ಬೀಗಾನೂ ಬದಲಿ ಮಾಡಿಲ್ಲ."

"ಯಾಕ ಮಾಡಿದ್ರಿ?"

ಅವಳು ಸೆರಗು ಸರಿಮಾಡಿಕೊಂಡಳು. ಜನವರಿಯಲ್ಲಿ ಪ್ರಭುಲಿಂಗ ಹಳೆಯ ಕೆಲಸಗಾರರನ್ನು ಕರೆದು ಶಾಲು ಹೊದಿಸಿದ್ದ. ಆಮೇಲೆ ಪರದೆಯ ಮೇಲೆ ಹೆಸರು ಅಳಿಸಿದ ಒಂದು ಫಾರಂ ತೋರಿಸಿದ. ಊರು, ಹೆತ್ತ ಮಕ್ಕಳೆಷ್ಟು, ಸತ್ತವೆಷ್ಟು, ಗಂಡ ಟ್ರ್ಯಾಕ್ಟರ್ ಚಾಲಕ, ಇಷ್ಟನ್ನೇ ಯಂತ್ರಕ್ಕೆ ಕೊಟ್ಟ. ಅರ್ಧ ನಿಮಿಷದಲ್ಲಿ ಫೇಸ್‌ಬುಕ್ಕಿನಿಂದ ಈರಮ್ಮನ ಮೊಮ್ಮಕ್ಕಳ ಫೋಟೋ ಬಂದು ನಿಂತಿತು.

"ಎಲ್ಲಾರೂ ಚಪ್ಪಾಳಿ ತಟ್ಟಿದ್ರು. ನಾನೂ ತಟ್ಟಿದೆ. ಆಮ್ಯಾಲ ನೋಡಿದ್ರ, ಅವು ಈರಮ್ಮನ ಮೊಮ್ಮಕ್ಕಳು. ಗಂಡಗ ಹೇಳಲಾರದ್ದನ್ನ ಆ ಹೆಣ್ಮಕ್ಕಳು ನನಗ ಹೇಳ್ಯಾರ್ರಿ. ನಿಮ್ಮ ಮಾತು ಈ ಹಾಳಿ ದಾಟಂಗಿಲ್ಲ ಅಂತ ನಾ ಅಂದಿದ್ದೆ. ಸರ್ಕಾರ ಅಂದಿಲ್ಲ, ಕೇಂದ್ರ ಅಂದಿಲ್ಲ. ನಾ ಅಂದೀನಿ."

"ಪ್ರಭುಲಿಂಗಗ ಹೇಳಬೇಕಿತ್ತು."

"ಹೇಳ್ದೆ. ಕಾಲ ಬದಲಾಗೇತಿ ಅಕ್ಕಾ ಅಂದ್ರು."

ಜಪ್ತಿ ಪಂಚನಾಮೆಯಲ್ಲಿ ಹಾಳೆಹಾಳೆಯ ವಿವರ ಬರೆಯಬೇಕಿತ್ತು. ಗಾದಿಲಿಂಗಪ್ಪ ಚೀಲದ ಬಾಯಿ ಹೊಲಿಸಿ, ಅರಗಿನ ಮುದ್ರೆ ಒತ್ತಿಸಿ, 'ಒಳಗಿನ ಬರಹ ಓದಿಲ್ಲ' ಎಂದಷ್ಟೇ ಬರೆದ. 5.10ಕ್ಕೆ ಐಶ್ವರ್ಯ ಸುಂಕಲಮ್ಮನನ್ನು ಬಂಧಿಸಿ ಜೀಪು ಹತ್ತಿಸಿದಳು.

ಊರು ದಾಟಿದ ಮೇಲೆ ಸುಂಕಲಮ್ಮ ಕೇಳಿದಳು: "ನಿಮ್ಮೂರು ಯಾವುದ್ರಿ ಸಾಹೇಬ್ರ?"

"ಕರೂರು."

"ಯಾರ ಮಗ?"

"ಸತ್ಯಮ್ಮನ ಮಗ."

ಅವಳು ಅವನ ಮುಖವನ್ನು ತುಸು ಹೊತ್ತು ನೋಡಿದಳು. ಆಗ ಗಾದಿಲಿಂಗಪ್ಪನಿಗೆ 1998ರ ಒಂದು ಮಧ್ಯಾಹ್ನ ನೆನಪಾಯಿತು. ಅವನಿಗೆ ಹದಿನಾಲ್ಕು. ಸಾಲೆಯಿಂದ ಬಂದವನನ್ನು ಅವ್ವ ಹೊಸ್ತಿಲಲ್ಲೇ ತಡೆದು ಹೊರಗೆ ಕಳಿಸಿದ್ದಳು. ಒಳಗೆ ಯಾರೋ ಕುಳಿತಿದ್ದರು. ಗೋಡೆಯಾಚೆ ಅವ್ವ ಬಾಯ್ತುಂಬ ನಕ್ಕಿದ್ದಳು. ಹಾಗೆ ನಕ್ಕಿದ್ದನ್ನು ಅವನು ಹಿಂದೆ ಕೇಳಿರಲಿಲ್ಲ, ಮುಂದೆಯೂ ಕೇಳಲಿಲ್ಲ. ಆಮೇಲೆ ಬಹಳ ಹೊತ್ತು ಸದ್ದೇ ಇರಲಿಲ್ಲ. ಅವ್ವ ತೀರಿಕೊಂಡು ಈಗ ಎಂಟು ವರ್ಷ.

"ನಮ್ಮವ್ವ ಏನು ಹೇಳಿದ್ಲು?" ಇನ್‌ಸ್ಪೆಕ್ಟರ್ ಕೇಳುವ ದನಿಯಾಗಿರಲಿಲ್ಲ ಅದು.

"ಕರೂರಿನ ಫಾರಂ ಕಟ್ಟು ಮೊದಲ ಸುಟ್ಟೀನ್ರಿ."

ಜೀಪು ಒಂದೆರಡು ಮೈಲಿ ಓಡಿತು.

"ಬೆಲ್ಲದ ಚಾ ಕೊಟ್ಟಿದ್ರು ನಿಮ್ಮವ್ವಾರು," ಎಂದಳು ಸುಂಕಲಮ್ಮ. "ಶುಂಠಿ ಜಜ್ಜಿ ಹಾಕಿ. ಅಷ್ಟು ಚಲೋ ಚಾ ನಾ ಮತ್ತ ಕುಡಿದಿಲ್ಲ."

ಮರುದಿನ ನ್ಯಾಯಾಲಯ ಅವಳಿಗೆ ಜಾಮೀನು ಕೊಟ್ಟಿತು. ಕೇಸ್ ಡೈರಿಯಲ್ಲಿ ಕೃತ್ಯದ ಉದ್ದೇಶ ಎಂಬಲ್ಲಿ ಗಾದಿಲಿಂಗಪ್ಪ ಬರೆದ: 'ಆರೋಪಿತೆಗೆ ಯಾವ ಲಾಭವೂ ಇಲ್ಲ. ಕೇಳಿಸಿಕೊಂಡ ಮಾತಿಗೆ ತಾನೇ ಹೊಣೆ ಎಂದು ನಂಬಿರುತ್ತಾಳೆ.'