ಫೆಬ್ರವರಿ ಹತ್ತೊಂಬತ್ತರ ಗೆರೆ

೨೦೨೫ರ ಆಗಸ್ಟ್ ೧೨, ಮಂಗಳವಾರ. ಬೆಳಿಗ್ಗೆ ೯-೪೦ಕ್ಕೆ ಆತಗೂರಿನ ಚಿಕ್ಕಬೋರಮ್ಮ ಮದ್ದೂರು ಠಾಣೆಗೆ ಬಂದಳು. ಕಾಲೇಜಿನ ಸಂಶೋಧನಾ ಕೇಂದ್ರದಲ್ಲಿ ಅಟೆಂಡರ್ ಆಗಿದ್ದ ಗಂಡ ಶಿವಯ್ಯ ಹಿಂದಿನ ದಿನ ಮನೆಗೆ ಬಂದಿರಲಿಲ್ಲ. ಬೆಳಕು ಹರಿಯುತ್ತಲೇ ಹುಡುಕಿಕೊಂಡು ಹೋದವಳಿಗೆ ಗ್ಯಾಸ್ ಕೋಣೆಯಲ್ಲಿ ಅವನ ಹೆಣ ಸಿಕ್ಕಿತ್ತು.

“ನೈಟ್ರೋಜನ್ ಸೋರಿ ಉಸಿರುಗಟ್ಟಿದೆ, ಆಕಸ್ಮಿಕ ಅಂತಾರಲ್ಲಮ್ಮ ಕಾಲೇಜಿನವರು,” ಎಂದರು ಇನ್‌ಸ್ಪೆಕ್ಟರ್ ವನಜಾ.

“ಚಿಲ್ಕ ಆಚೆಯಿಂದ ಆಕಿತ್ತು ಕಣವ್ವ. ನಾನೇ ತೆಗ್ದೆ.”

ವನಜಾ ಪೆನ್ನು ಕೆಳಗಿಟ್ಟರು. ೧೦-೧೫ಕ್ಕೆ ಎಫ್‌ಐಆರ್ ದಾಖಲಾಯಿತು, ಕೊಲೆ ಎಂದು.

ಪಂಚನಾಮೆಯಲ್ಲಿ ಕಂಡದ್ದು: ಕಿಟಕಿಯಿಲ್ಲದ ಎಂಟಡಿ ಕೋಣೆ, ಉರುಳಿಬಿದ್ದ ಎರಡು ದ್ರವ ನೈಟ್ರೋಜನ್ ಕ್ಯಾನು, ಬಾಗಿಲ ಒಳಮೈಯಲ್ಲಿ ಉಗುರಿನ ಗೀರು. ಕ್ಯಾನು ಬಂದ ದಿನಗಳನ್ನು ಶಿವಯ್ಯ ತಿಂಗಳಿಗೊಂದು ಹಾಳೆಯಂತೆ ಬರೆದಿಡುತ್ತಿದ್ದ ಪುಸ್ತಕದಲ್ಲಿ ಫೆಬ್ರವರಿಯ ಹಾಳೆಯನ್ನು ಹರಿದು ತೆಗೆದಿತ್ತು.

“ಈ ಹಾಳೆ ಯಾರಿಗೆ ಬೇಕಾಗಿತ್ತು?” ಎಂದು ಸಂಶೋಧನಾ ವಿದ್ಯಾರ್ಥಿನಿ ಹರಿಪ್ರಿಯಾಳನ್ನು ಕೇಳಿದರು.

“ಇನ್‌ಫ್ರಾರೆಡ್ ಬೆಳಕು ಹಾಯಿಸಿದ್ರೆ ಒಂದೊಂದು ಕಾರ್ಬನ್ ಅಣುವೂ ತನ್ನದೇ ಗೆರೆ ಕೊಡುತ್ತೆ ಮೇಡಂ, ಬೆರಳಚ್ಚಿನ ಥರ. ಹೊಸ ಅಣುವಿನ ಗೆರೆ ಸಿಕ್ಕಿದೆ, ಫೆಬ್ರವರಿ ಹತ್ತೊಂಬತ್ತಕ್ಕೆ ಅಳೆದೆ ಅಂತ ನಮ್ಮ ಗೈಡ್ ರಘುನಂದನ್ ಸರ್ ಪ್ರಕಟಿಸಿದ್ದಾರೆ. ಅನುಮಾನ ಬಂದು ನಾಳೆ ವಿಚಾರಣಾ ಸಮಿತಿ ಬರ್ತಿದೆ.”

“ಅದಕ್ಕೂ ನೈಟ್ರೋಜನ್ನಿಗೂ?”

“ಅದರಲ್ಲಿ ತಣ್ಣಗಾಗದಿದ್ರೆ ಗೆರೆ ಅಳೆಯೋ ಯಂತ್ರಕ್ಕೆ ಕಣ್ಣೇ ಕಾಣಲ್ಲ. ತಂದಿದ್ದು ಎರಡು ವಾರಕ್ಕೆಲ್ಲ ಆವಿಯಾಗಿಹೋಗುತ್ತೆ.”

ಹೆಡ್ ಕಾನ್‌ಸ್ಟೇಬಲ್ ಶಿವರಾಮು ಮೈಸೂರಿನ ಸರಬರಾಜುದಾರರಲ್ಲಿ ವಿಚಾರಿಸಿದ. ಫೆಬ್ರವರಿಯಿಡೀ ನೈಟ್ರೋಜನ್ ಗಾಡಿ ಕಾಲೇಜಿಗೆ ಬಂದಿರಲಿಲ್ಲ. ಸೋಮವಾರ ಸಂಜೆ ೫-೫೦ಕ್ಕೆ ಗ್ಯಾಸ್ ಕೋಣೆಯ ಕಡೆಯಿಂದ ರಘುನಂದನ್ ಒಬ್ಬನೇ ಹೊರಬಂದದ್ದು ಸಿಸಿಟಿವಿಯಲ್ಲಿತ್ತು.

ನಾಲ್ಕು ಗಂಟೆಗೆ ವನಜಾ ಅವನನ್ನು ಎದುರು ಕೂರಿಸಿಕೊಂಡರು.

“ಶಿವಯ್ಯನಿಗೆ ಏನು ಹೇಳಿದ್ರಿ?”

“ಫೆಬ್ರವರೀಲಿ ಕ್ಯಾನ್ ಬಂತು ಅಂತ ಹೇಳು ಅಂದೆ.”

“ಅವನು?”

“‘ಬಂದೇ ಇಲ್ದುದ್ನ ಬಂತು ಅಂತ ಎಂಗೇಳ್ಲಿ ಸಾ’ ಅಂದ. ಹಾಳೆ ಹರಿದುಕೊಂಡೆ. ‘ಸಮಿತಿ ಮುಂದೆ ಇದ್ನೂ ಏಳ್ತೀನಿ’ ಅಂದ. ಕ್ಯಾನ್ ಉರುಳಿಸಿ ಚಿಲಕ ಹಾಕಿದೆ.”

“ಬಾಗಿಲು ಬಡಿದನಾ?”

“ಸ್ವಲ್ಪ ಹೊತ್ತು.”

ವನಜಾ ಎದ್ದು ಹೋಗಿ ನೀರು ಕುಡಿದು ಬಂದರು. ೬-೨೦ಕ್ಕೆ ಬಂಧನ.

ಮಳವಳ್ಳಿಯ ರಘುನಂದನ್ ಆರು ವರ್ಷ ಆ ಒಂದು ಗೆರೆಗಾಗಿ ಕಾದಿದ್ದ. ಹಿಂದಿನ ನವೆಂಬರಿನಲ್ಲಿ ಒಮ್ಮೆ ಅದು ಪರದೆಯ ಮೇಲೆ ಮೂಡಿತ್ತು. ಉಳಿಸಿಕೊಳ್ಳುವಷ್ಟರಲ್ಲಿ ಕರೆಂಟು ಹೋಯಿತು, ಮಾದರಿಯೂ ಕೆಟ್ಟಿತು. ಮತ್ತೆಂದೂ ಅದು ಬರಲಿಲ್ಲ. ಫೆಬ್ರವರಿಯಲ್ಲಿ, ಕಂಡದ್ದನ್ನೇ ನೆನಪಿನಿಂದ ಕಂಪ್ಯೂಟರಿನಲ್ಲಿ ಬರೆದು, ಬರೆದ ದಿನದ ತಾರೀಖನ್ನೇ, ಹತ್ತೊಂಬತ್ತು ಎಂದು ಹಾಕಿದ. ಅದು ಸುಳ್ಳೆಂದು ಅವನಿಗೆ ಈಗಲೂ ಅನ್ನಿಸುತ್ತಿರಲಿಲ್ಲ.

“ನವೆಂಬರಿನಲ್ಲಿ ಜೊತೆಗೆ ಯಾರಿದ್ದರು?” ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರವನ್ನು ವನಜಾ ಹೇಳಿಕೆಯ ಕೊನೆಯಲ್ಲಿ ಬರೆಸಿದರು. ಆ ಗೆರೆ ನಿಜವಾಗಿಯೂ ಬಂದಿತ್ತೆಂದು ಸಾಕ್ಷಿ ಹೇಳಬಲ್ಲವನು ಶಿವಯ್ಯ ಒಬ್ಬನೇ ಆಗಿದ್ದ.