ಕಟ್ ಮಾಡದ ಕಂತೆ

ನಮ್ಮಜ್ಜಿಗೆ ಈಗ ಮುನ್ನೂರ ಹನ್ನೆರಡು ವರ್ಷ. ನಗಬೇಡಿ ಸ್ವಾಮಿ, ಒಳಗೆ ಮಲಗಿದ್ದಾಳೆ, ಎದ್ದುಬಿಟ್ಟಾಳು. ಹಿಂದೊಮ್ಮೆ ಅವಳು ಸೂರ್ಯನ ಜತೆ ಕಾರ್ಡಾಟಕ್ಕೆ ಕೂತು ಅವನನ್ನು ಸೋಲಿಸಿದ್ದಳು. ಆ ಅವಮಾನಕ್ಕೆ ಅವನು ಎರಡು ದಿನ ಮುಖವನ್ನೇ ತೋರಿಸಲಿಲ್ಲ. ಊರಿಗೆ ಊರೇ ಹಗಲಲ್ಲಿ ದೀಪ ಹಚ್ಚಿಕೊಂಡು ಓಡಾಡಿತು. ಇದರಲ್ಲಿ ಒಂದಕ್ಷರ ಸುಳ್ಳಿದ್ದರೆ ಮೀಸೆ ಬೋಳಿಸಿ ನಿಮ್ಮ ಕೈಗೆ ಕೊಡುತ್ತೇನೆ. ಬಂದಾಗಿನಿಂದ ನೀವು ಕಣ್ಣು ನೆಟ್ಟಿರುವ ಆ ಕಪಾಟಿನ ಟ್ರೋಫಿ ಮಾತ್ರ ಅಜ್ಜಿಯದಲ್ಲ. ಅದು ನನ್ನ ಸ್ನೇಹಿತನೊಬ್ಬ ಗೆದ್ದದ್ದು. ಅವನ ಕತೆ ಹೇಳುತ್ತೇನೆ, ಬಾಗಿಲ ಹತ್ತಿರದ ಕುರ್ಚಿ ಬಿಟ್ಟು ಈ ಕಡೆ ಬನ್ನಿ.

ಅವನು ಟ್ಯೂಷನ್ ಹೇಳುವ ಲೆಕ್ಕದ ಮೇಷ್ಟ್ರು. ಎಲ್ಲರೂ ಕರೆಯುತ್ತಿದ್ದದ್ದು ಶೇಕಡಾ ಅಂತ. ಮಳೆ ಬರುತ್ತಾ ಅಂತ ಕೇಳಿದರೆ ‘ಶೇಕಡಾ ನಲವತ್ತು’ ಅನ್ನುವವನು. ನಿನಗೆ ಹೆಣ್ಣು ಸಿಗುತ್ತಾ ಅಂತ ಕೇಳಿದರೆ ಬಹಳ ಹೊತ್ತು ಯೋಚಿಸಿ ‘ಶೇಕಡಾ ಆರು’ ಅನ್ನುವವನು. ದೆವ್ವ, ಮಾಟ, ದೃಷ್ಟಿ, ಇವಕ್ಕೆಲ್ಲ ಅವನ ಲೆಕ್ಕದಲ್ಲಿ ಸೊನ್ನೆ. ಆ ಸೊನ್ನೆಯನ್ನು ಅವನು ಎಷ್ಟು ಜೋರಾಗಿ ಹೇಳುತ್ತಿದ್ದನೆಂದರೆ ಪಕ್ಕದ ಬೀದಿಯ ದೆವ್ವಗಳು ನಾಚಿ ಮನೆ ಖಾಲಿ ಮಾಡಿದ್ದವು.

ಅವನಿಗೆ ಕಾರ್ಡಾಟ ಕಲಿಸಿದ್ದು ಅವನ ತಂಗಿ ಪುಟ್ಟಿ. ಇಸ್ಪೀಟಲ್ಲ, ಇದು ಯುದ್ಧದಾಟ. ರಾಜರು, ಕೋಟೆಗಳು, ನದಿಗಳು, ಸೈನ್ಯಗಳು. ಪ್ರತಿಯೊಬ್ಬರೂ ತಮಗೆ ಬೇಕಾದ ಕಾರ್ಡು ಆರಿಸಿ ಕಟ್ಟಿಕೊಂಡ ಸ್ವಂತ ಕಂತೆಯನ್ನೇ ತರಬೇಕು. ಆಟಕ್ಕೆ ಮುಂಚೆ ಕಂತೆಯನ್ನು ಕಲೆಸಿ ಎದುರಾಳಿಗೆ ಒಡ್ಡಬೇಕು. ಅವನು ಅದನ್ನು ಕಟ್ ಮಾಡಬೇಕು, ಅಂದರೆ ಮೇಲಿನ ಭಾಗವನ್ನೆತ್ತಿ ಕೆಳಗಿಡಬೇಕು. ‘ನಿನ್ನ ಮೇಲೆ ನಂಬಿಕೆಯಿದೆ, ಕಟ್ ಬೇಡ’ ಅನ್ನುವವನು ಕಂತೆಯ ಮೇಲೆ ಒಂದು ಬೆರಳಿನಿಂದ ತಟ್ಟಿದರೆ ಸಾಕು. ಅಣ್ಣತಂಗಿಯರ ಮನೆಯಲ್ಲಿ ಕಟ್ ಮಾಡಿದ್ದೇ ಇಲ್ಲ. ಊಟದ ಮೇಜಿನ ಮೇಲೆ ಅವನು ಕಂತೆ ಒಡ್ಡುತ್ತಿದ್ದ, ಅವಳು ತಟ್ಟುತ್ತಿದ್ದಳು, ತಟ್ಟಿ ಸೋಲಿಸುತ್ತಿದ್ದಳು. ಅಣ್ಣನನ್ನು ಕಂಡರೆ ಆಟಗಾರರೆಲ್ಲ, ‘ಓ, ಪುಟ್ಟಿಯ ಅಣ್ಣ ಅಲ್ವಾ’ ಅನ್ನುತ್ತಿದ್ದರು. ಆ ಒಂದು ಮಾತು ಅವನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತ್ತು.

ಆ ವರ್ಷ ರಾಷ್ಟ್ರಮಟ್ಟದ ಪಂದ್ಯಾವಳಿಗೆ ಇಬ್ಬರೂ ಆಯ್ಕೆಯಾದರು. ಒಂದೇ ಒಂದು ಸಲ ತಂಗಿಗಿಂತ ಮೇಲೆ ನಿಲ್ಲಬೇಕು ಅನ್ನುವುದು ಶೇಕಡಾನ ಹಟ. ಸತ್ತುಹೋದ ಚಾಂಪಿಯನ್ನನೊಬ್ಬನ ಕಂತೆ ಅವನ ಮನೆಯಲ್ಲೇ ಉಳಿದಿದೆ ಅಂತ ಯಾರೋ ಹೇಳಿದ್ದೇ ತಡ, ಹುಡುಕಿಕೊಂಡು ಹೋಗಿ ಬಾಗಿಲು ಬಡಿದ.

ಬಾಗಿಲು ತೆಗೆದವಳ ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಒಳಗೆ ಪರದೆಗಳೆಲ್ಲ ಎಳೆದಿದ್ದವು. ಕೂದಲು ಸುಟ್ಟ ವಾಸನೆ, ಒದ್ದೆ ಕಾಗದದ ವಾಸನೆ.

“ಅಜ್ಜೀ, ನಿಮ್ಮ ಮಗನ ಕಂತೆ ನೋಡೋಣ ಅಂತ ಬಂದೆ.”

“ಮಗ ಅಲ್ಲ, ಗಂಡ.” ಕಣ್ಣು ಕಿರಿದು ಮಾಡಿ ನೋಡಿದಳು. “ಅಜ್ಜಿ ಅನ್ಬೇಡ. ನಂಗಿನ್ನೂ ಮೂವತ್ತು ತುಂಬಿಲ್ಲ.”

ಶೇಕಡಾ ತುಟಿ ಕಚ್ಚಿ ನಗು ತಡೆದ. ಅವಳು ಕಪ್ಪು ಬಟ್ಟೆಯಲ್ಲಿ ಸುತ್ತಿದ ಕಂತೆಯನ್ನು ಇಕ್ಕಳದಿಂದ ಹಿಡಿದು ತಂದು ಮೇಜಿನ ಮೇಲಿಟ್ಟಳು.

“ಪ್ರತಿ ವರ್ಷ ಎರಡನೇ ಸ್ಥಾನ ಬಂದು ಬಂದು ಅವನಿಗೆ ಹುಚ್ಚು ಹಿಡಿದಿತ್ತು. ಮಾಟಗಾರನ ಹತ್ರ ಹೋದ. ಆ ಮಾಟಗಾರ ಇವನ ಕೂದಲು, ಉಗುರು ಸುಟ್ಟು ಕಾರ್ಡಿನ ಬೆನ್ನಿಗೆಲ್ಲ ಮಸಿ ಬಳಿದ. ಆ ವರ್ಷ ಇವನೇ ಚಾಂಪಿಯನ್. ಈ ಕಂತೆ ಒಡ್ಡಿದಾಗ ಎದುರಿನವರು ಕಟ್ ಮಾಡ್ಲೇಬೇಕು. ಬರೀ ತಟ್ಟಿದ್ರೋ, ಕಂತೆ ಅವರನ್ನ ಕಟ್ ಮಾಡುತ್ತೆ.”

“ಅಂದ್ರೆ? ಕತ್ತರೀನಾ?”

“ಆಯುಷ್ಯಾನ. ಮೇಲಿನ ಭಾಗ ಕೆಳಗೆ ಹೋಗುತ್ತೆ, ಕೆಳಗಿದ್ದ ಮುಪ್ಪು ಮೇಲೆ ಬರುತ್ತೆ. ಒಂದಿನ ಮನೇಲಿ ಆಡ್ತಾ ನಾನು ತಟ್ಟಿದೆ. ಗಂಡ ಅಲ್ವಾ, ನಂಬಿಕೆ.” ತನ್ನ ಕೈಗಳನ್ನು ತಾನೇ ನೋಡಿಕೊಂಡಳು. “ಅಯ್ಯೋ ಅಂತ ಗೋಳಾಡಿದ. ಕಂತೆ ನನ್ನ ಕೈಗೆ ಕೊಟ್ಟು ಒಡ್ಡು ಅಂದ. ಒಡ್ಡಿದೆ. ಅವನೂ ತಟ್ಟಿದ. ಅವನಿಗೆ ಕೆಳಗೆ ಉಳಿದಿದ್ದು ಒಂದೇ ದಿನ.”

“ಹಾಗಾದ್ರೆ ನಿಮ್ಮ ಯೌವನ ಕಂತೆ ಕೆಳಗಿದೆ ಅನ್ನಿ. ಸರದಿ ಬಂದಾಗ ವಾಪಸ್ ಬರುತ್ತೆ ಬಿಡಿ!”

“ಬರುತ್ತೆ. ಸತ್ತ ಮೇಲೆ ಬರುತ್ತೆ. ಯಾರಿಗೆ ಬೇಕು?”

ಶೇಕಡಾ ಆಗ ನಕ್ಕ ನಗೆಗೆ ಗೋಡೆಯ ಸುಣ್ಣ ಉದುರಿತು. “ಸೊನ್ನೆ ಅಜ್ಜೀ, ಶೇಕಡಾ ಸೊನ್ನೆ,” ಅಂದ.

“ತಗೊಂಡು ಹೋಗು. ಇದು ಮನೇಲಿರೋತನಕ ನಂಗೆ ನಿದ್ದೆ ಇಲ್ಲ. ಆದ್ರೆ ಯಾರಿಗೂ ತಟ್ಟೋದಕ್ಕೆ ಬಿಡಬೇಡ, ನಿಂಗೆ ಕೈ ಮುಗೀತೀನಿ.”

ಅವನು ಕಂತೆಯನ್ನು ಜೇಬಿಗಿಳಿಸಿ, ಸಿಳ್ಳೆ ಹಾಕುತ್ತಾ ಮೆಟ್ಟಿಲಿಳಿದ.

ಪಂದ್ಯದ ಸಭಾಂಗಣ ಎಷ್ಟು ದೊಡ್ಡದೆಂದರೆ, ಈ ಗೋಡೆಯಿಂದ ಆ ಗೋಡೆಗೆ ಹಾರುವ ಪಾರಿವಾಳ ನಡುವೆ ಇಳಿದು ಒಂದು ನಿದ್ದೆ ತೆಗೆಯಬೇಕು. ಸಾಲು ಸಾಲು ಮೇಜು, ಹಸಿರು ಬಟ್ಟೆ, ಕೊರಳಿಗೆ ಬ್ಯಾಡ್ಜ್. ಕಾರ್ಡು ಕಲೆಸುವ ಸದ್ದು ಒಣಗಿದೆಲೆಗಳ ಮೇಲೆ ಗಾಳಿ ಬೀಸಿದ ಹಾಗೆ ಎಡೆಬಿಡದೆ ಕೇಳುತ್ತಿತ್ತು. ಶೇಕಡಾನ ಮೊದಲ ಎದುರಾಳಿ ಹಲ್ಲಿನ ಡಾಕ್ಟರು. ಆಕೆ ಕಂತೆಯನ್ನು ಶಿಸ್ತಾಗಿ ಕಟ್ ಮಾಡಿ, ಶಿಸ್ತಾಗಿ ಅವನನ್ನು ಸೋಲಿಸಿದಳು. ಇನ್ನೊಂದು ಸೋತರೆ ಮನೆ ದಾರಿ.

ಎರಡನೆಯವನು ಕೆಂಪು ಟೋಪಿಯ ಯುವಕ. ಹೊಸದಾಗಿ ಮದುವೆಯಾದವನು, ಪ್ರೇಕ್ಷಕರ ಬೇಲಿಯಾಚೆ ನಿಂತ ಹೆಂಡತಿಗೆ ಕೈ ಬೀಸುತ್ತಲೇ ಕೂತ. ಶೇಕಡಾ ಕಂತೆ ಒಡ್ಡಿದ.

“ಬಿಡಿ ಸಾರ್, ಮೇಷ್ಟ್ರು ಮೋಸ ಮಾಡ್ತೀರಾ?” ಅಂದು ಬೆರಳಿನಿಂದ ತಟ್ಟಿದ.

ಆ ಮೇಜಿನ ಮೇಲಿನ ದೀಪ ಮಾತ್ರ ಮಂಕಾಯಿತು. ಕೂದಲು ಸುಟ್ಟ ವಾಸನೆ ಬಂತು. ಯಾರೂ ಮುಟ್ಟದ ಕಂತೆಯ ಒಳಗಿನಿಂದ, ದಪ್ಪ ಕಾಗದ ಎರಡು ಭಾಗವಾಗುವಂಥ ಮೆತ್ತನೆಯ ಸದ್ದು. ಟೋಪಿಯ ಕೆಳಗೆ ಕೂದಲು ಬೆಳ್ಳಗಾಯಿತು. ಕೆನ್ನೆ ಜೋತುಬಿತ್ತು. ಕೈಯಲ್ಲಿದ್ದ ಕಾರ್ಡುಗಳು ನಡುಗತೊಡಗಿದವು. “ಯಾರ ಸರದಿ, ಮಗೂ?” ಅಂತ ಅವನು ಶೇಕಡಾನನ್ನು ಕೇಳಿದ. ಆಮೇಲೂ ಅದನ್ನೇ ಕೇಳಿದ. ಆಟ ಬೇಗ ಮುಗಿಯಿತು. ಹೆಂಡತಿ ಬೇಲಿ ದಾಟಿ ಬಂದು, ಅವನ ಮುಂದೆಯೇ ಹಾದುಹೋಗಿ, ಮೇಜು ಮೇಜಿಗೂ ಅವನನ್ನೇ ಹುಡುಕುತ್ತಾ ನಡೆದಳು.

ಇಲ್ಲಿ ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಕಂತೆಯನ್ನು ಚರಂಡಿಗೆಸೆದು ಓಡುತ್ತಿದ್ದಿರಿ. ಶೇಕಡಾ ಶೌಚಾಲಯಕ್ಕೆ ಹೋಗಿ ವಾಂತಿ ಮಾಡಿದ. ಮುಖ ತೊಳೆದ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಂಡು ನಗುವುದನ್ನು ಅಭ್ಯಾಸ ಮಾಡಿದ. ಮುಂದಿನ ಮೇಜಿಗೆ ಬಂದವನು ಬೇರೆಯೇ ಮನುಷ್ಯ. ಅವನ ನಾಲಿಗೆಯಿಂದ ಸುರಿದ ಜೇನಿಗೆ ಊರಿನ ಇರುವೆಗಳೆಲ್ಲ ಮೆರವಣಿಗೆ ಹೊರಟವು. “ಬಿಡಿ ಅಕ್ಕಾ, ನಮ್ಮನಮ್ಮಲ್ಲಿ ಕಟ್ ಯಾಕೆ?” “ತಟ್ಟಿಬಿಡಿ ಯಜಮಾನ್ರೇ, ನಿಮ್ಮಂಥ ದೊಡ್ಡ ಮನುಷ್ಯರು ನನ್ನ ನಂಬಿದ್ರೆ ಅದೇ ಒಂದು ಗೌರವ.” ಕೆಲವರು ಕಟ್ ಮಾಡಿದರು, ಅವರನ್ನು ಹೇಗೋ ಗೆದ್ದ. ತಟ್ಟಿದವರು ಗೋಡೆ ಹಿಡಿದುಕೊಂಡು ಹೊರಗೆ ಹೋದರು. ತೀರ್ಪುಗಾರರು ಊಟದಲ್ಲಿ ಏನೋ ಬಿದ್ದಿದೆ ಅಂದರು. ಅಡುಗೆಯವರು ತಪ್ಪನ್ನು ನೀರಿನ ಮೇಲೆ ಹಾಕಿದರು.

ಫೈನಲಿಗೆ ಮುಂಚೆ ಪುಟ್ಟಿ ಓಡಿಬಂದು ಅವನ ತೋಳು ಹಿಡಿದಳು. ಅವಳೂ ಎಲ್ಲರನ್ನೂ ಗೆದ್ದು ಬಂದಿದ್ದಳು, ಬರೀ ತಲೆ ಓಡಿಸಿ.

“ಅಣ್ಣಾ, ಫಸ್ಟ್ ಏಡ್ ರೂಮಿನ ತುಂಬ ಮುದುಕರು ಕೂತಿದಾರೆ. ಎಲ್ಲರ ಕೊರಳಲ್ಲೂ ಆಟಗಾರರ ಬ್ಯಾಡ್ಜಿದೆ. ಒಬ್ಬರು ಕೆಂಪು ಟೋಪಿ ಹಾಕ್ಕೊಂಡು ಅಳ್ತಿದಾರೆ. ಏನಾಗ್ತಿದೆ ಇಲ್ಲಿ?”

“ಎಸಿ ಕೆಟ್ಟಿದೆ. ಶೇಕಡಾ ತೊಂಬತ್ತು.”

“ಉಳಿದ ಹತ್ತು?”

“ನಿನಗೆ ಹೊಟ್ಟೆ ಹಸಿದಿದೆ.”

ಅವಳು ನಕ್ಕು ಅವನ ಭುಜಕ್ಕೊಂದು ಗುದ್ದಿದಳು. ಭಯವೆಲ್ಲ ಹೋಯಿತು. ಅಣ್ಣ ಹೇಳಿದ್ದನಲ್ಲ.

ವೇದಿಕೆ. ಎರಡು ಕುರ್ಚಿ, ನಡುವೆ ಮೇಜು. ಕಣ್ಣು ಕುಕ್ಕುವ ದೀಪಗಳು. ಸಾವಿರ ಜನ, ಒಬ್ಬರೂ ಕೆಮ್ಮುತ್ತಿಲ್ಲ. ಶೇಕಡಾ ಕಂತೆ ಕಲೆಸಿದ. ಅಂಗೈ ಬೆವರಿಗೆ ಮಸಿ ಅಂಟಿತು. ಕಂತೆ ಒಡ್ಡಿದ. ಪುಟ್ಟಿ ಬೆರಳೆತ್ತಿದಳು. ಬೆರಳು ಇಳಿಯಿತು. ಇನ್ನೇನು ಮುಟ್ಟಬೇಕು.

ಆಗ ಶೇಕಡಾ ಸಿಂಹದ ಹಾಗೆ ಗರ್ಜಿಸಿದ. “ತಟ್ಟಬೇಡ! ಕಟ್ ಮಾಡು ಪುಟ್ಟೀ!” ಆ ಗರ್ಜನೆಗೆ ಚಾವಣಿಯ ದೀಪಗಳು ಪುಡಿಪುಡಿ. ಅವಳು ಬೆಚ್ಚಿ, ಎರಡೂ ಕೈಯಿಂದ ಕಟ್ ಮಾಡಿದಳು. ಕಂತೆ ಹಾವಿನ ಹಾಗೆ ಭುಸುಗುಟ್ಟಿ ಸುಮ್ಮನಾಯಿತು. ಆಟ ನಡೆಯಿತು, ಪುಟ್ಟಿ ಗೆದ್ದಳು. ಶೇಕಡಾ ಎದ್ದು ನಿಂತು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಪುಟ್ಟಿ ಈಗ ದೇಶ ದೇಶ ಸುತ್ತಿ ಆಡುತ್ತಾಳೆ. ವಾರಕ್ಕೊಂದು ಫೋಟೋ ಕಳಿಸುತ್ತಾಳೆ. ಮುಗೀತು ಕತೆ. ಕಾಫಿ ಕುಡೀತೀರಾ?

ಯಾಕೆ ಹಾಗೆ ನೋಡುತ್ತಿದ್ದೀರಿ? ಟ್ರೋಫಿನಾ? ಹೌದು, ಶೇಕಡಾ ಗೆದ್ದದ್ದು ಅಂತ ಆಗ ಹೇಳಿದೆ. ಈಗ ಪುಟ್ಟಿ ಗೆದ್ದಳು ಅಂದೆ. ಅದು ಹೇಗೆ ಅಂದರೆ, ಅವಳು ಅಣ್ಣನಿಗೆ ಉಡುಗೊರೆಯಾಗಿ...

“ಅಣ್ಣಾ. ಯಾರೋ ಬಂದಿದಾರಾ? ಬಾಗಿಲು ಹಾಕೋ. ಚಳಿ.”

ಕೇಳಿಸಿತಲ್ಲವೇ? ನನ್ನ ಮುನ್ನೂರು ವರ್ಷದ ಅಜ್ಜಿ ನನ್ನನ್ನು ಅಣ್ಣಾ ಅಂದಳು. ಇನ್ನು ನನ್ನ ಮೀಸೆ ನಿಮ್ಮದೇ.

ಅವಳಿಗಿನ್ನೂ ಇಪ್ಪತ್ತಮೂರು. ನನ್ನ ತಂಗಿ. ಪುಟ್ಟಿ.

ಗರ್ಜನೆ ಗಿರ್ಜನೆ ಯಾವುದೂ ಇಲ್ಲ ಸ್ವಾಮಿ. ಬೆರಳು ಇಳಿಯುತ್ತಿತ್ತು. ನನಗೆ ಬಾಯಿತ್ತು. ತಡೆಯಲು ಹೊತ್ತೂ ಇತ್ತು. ಆ ಹೊತ್ತಿನಲ್ಲಿ ನಾನು ಲೆಕ್ಕ ಹಾಕಿದೆ. ಕಟ್ ಮಾಡಿದರೆ ನಾನು ಗೆಲ್ಲುವುದು ಶೇಕಡಾ ಇಪ್ಪತ್ತು. ತಟ್ಟಿದರೆ ನೂರು. ಅವಳು ನನ್ನ ಮುಖ ನೋಡಿದಳು. ನಾನು ನಕ್ಕೆ, ಕನ್ನಡಿಯಲ್ಲಿ ಕಲಿತ ನಗು. ಅವಳು ತಟ್ಟಿದಳು.

ದೀಪ ಮಂಕಾಯಿತು. ವಾಸನೆ ಬಂತು. ಸದ್ದು ಬಂತು. ಅವಳ ಜಡೆ ಬುಡದಿಂದ ತುದಿಯವರೆಗೆ ಬೆಳ್ಳಗಾಗುತ್ತಾ ಹೋಯಿತು. ನಾನು ಮೊದಲ ಕಾರ್ಡು ಇಳಿಸಿದೆ. ಅವಳು ನಡುಗುವ ಕೈಯಲ್ಲೇ ಆಡಿದಳು. ಚೆನ್ನಾಗಿಯೇ ಆಡಿದಳು. ಕೊನೆಗೆ ಯಾವ ಕೋಟೆ ಯಾರದು ಅನ್ನುವುದು ಮರೆತುಹೋಯಿತು. “ನೀನು ಹೇಳು ಅಣ್ಣಾ, ಯಾವುದು ಹಾಕ್ಲಿ?” ಅಂದಳು. ನಾನು ತಪ್ಪು ಕಾರ್ಡು ತೋರಿಸಿದೆ.

ಗೆದ್ದೆ. ಈಗ ಎಲ್ಲರೂ ಅವಳನ್ನು ಚಾಂಪಿಯನ್ನನ ಅಜ್ಜಿ ಅನ್ನುತ್ತಾರೆ. ನಾನೂ ಹಾಗೇ ಹೇಳಿಕೊಂಡು ಬಂದಿದ್ದೇನೆ.

ಇಗೋ, ಎದ್ದು ಬಂದಳು. ಕೈಯಲ್ಲಿ ಕಪ್ಪು ಬಟ್ಟೆಯ ಗಂಟಿದೆ ನೋಡಿ. ಎಷ್ಟೋ ಮರೆಯುತ್ತಾಳೆ, ಇದನ್ನು ಮಾತ್ರ ಮರೆಯುವುದಿಲ್ಲ. ಪ್ರತಿ ಸಂಜೆ ಬಂದು ಎದುರಿಗೆ ಕೂರುತ್ತಾಳೆ, ಕಂತೆ ಕಲೆಸುತ್ತಾಳೆ, ನನ್ನತ್ತ ಒಡ್ಡುತ್ತಾಳೆ. ಹೆಂಡತಿ ಒಡ್ಡಿದ ಕಂತೆಯನ್ನು ಆ ಚಾಂಪಿಯನ್ ತಟ್ಟಿದ್ದ. ಅದು ನನಗೂ ಗೊತ್ತು, ಅವಳಿಗೂ ಗೊತ್ತು, ನಾನೇ ಹೇಳಿದ್ದೇನೆ.

ನನ್ನ ಬೆರಳು ಪ್ರತಿ ಸಂಜೆ ಕಂತೆಯ ಮೇಲಕ್ಕೆ ಹೋಗುತ್ತದೆ. ಅಲ್ಲೇ ನಿಲ್ಲುತ್ತದೆ. ಆಮೇಲೆ ಎರಡೂ ಕೈ ಚಾಚುತ್ತೇನೆ. ಮೇಲಿನ ಭಾಗವನ್ನು ಎತ್ತುತ್ತೇನೆ. ಒಂದು ಕಾರ್ಡೂ ಜಾರದ ಹಾಗೆ, ಜೋಪಾನವಾಗಿ, ಕೆಳಗಿಡುತ್ತೇನೆ.

ಅವಳು ಬೊಚ್ಚುಬಾಯಲ್ಲಿ ನಗುತ್ತಾಳೆ.

“ನಮ್ಮನೇಲಿ ಕಟ್ ಮಾಡ್ತಿರ್ಲಿಲ್ಲ ಅಲ್ವಾ, ಅಣ್ಣಾ?”