ಬೇಡವೆಂದು ಬಿಟ್ಟ ಮೂಲೆ

ಮಾರೆಡ್ ಕೈ ಎತ್ತಿದಳೆಂದರೆ ಗೆಥಿನ್‌ನ ನೆಲ ಅಗೆಯುವ ಡಿಗ್ಗರ್ ಗಾಡಿ ನಿಲ್ಲಬೇಕು. ಅವನು ಮಣ್ಣು ಬಗೆಯುವ ಬಕೆಟ್ ನೋಡುತ್ತಲೇ ಇರಲಿಲ್ಲ, ಅವಳ ಕೈಯನ್ನೇ ನೋಡುತ್ತಿದ್ದ. ಮೂರು ವಾರದಲ್ಲಿ ಆ ಬೆರಳುಗಳ ಮೇಲಿನ ತರಚು ಗಾಯಗಳೂ ಅವನಿಗೆ ಬಾಯಿಪಾಠವಾಗಿದ್ದವು.

"ಕೈ ಬಿಟ್ಟು ಮುಖಾನೂ ಒಂದ್ಸಲ ನೋಡ್ರೀ," ಎಂದಿದ್ದಳು ಒಮ್ಮೆ, ಫ್ಲಾಸ್ಕಿನಿಂದ ಟೀ ಬಗ್ಗಿಸುತ್ತ.

"ಮುಖ ನೋಡಿದ್ರೆ ಗಾಡಿ ಎಲ್ಲಿಗೆ ಹೋಗುತ್ತೋ ಏನೋ."

ಅವಳು ನಕ್ಕಳು. ಅವನಿಗೆ ನಗು ಬರಲಿಲ್ಲ. ಅವಳಿಗೆ ಸುಳ್ಳು ಹೇಳಿದ್ದನಲ್ಲ.

ಪುರಾತತ್ವ ತಜ್ಞೆ ಮಾರೆಡ್ ಹುಡುಕುತ್ತಿದ್ದದ್ದು ಎಂಟುನೂರು ವರ್ಷದ ಹಿಂದಿನ ಮಣ್ಣಿನ ಕೋಟೆ: ಒಂದು ದಿಬ್ಬ, ಸುತ್ತ ಕಂದಕ. ಹಳೆಯ ನಕ್ಷೆಯಲ್ಲಿತ್ತು, ವೇಲ್ಸಿನ ಆ ಹೊಲದಲ್ಲಿ ಈಗ ಬರೀ ಹುಲ್ಲು. ಶುಕ್ರವಾರದೊಳಗೆ ಸಿಗದಿದ್ದರೆ ಹೊಲ ಕಲ್ಲುಗಣಿಯ ಪಾಲು. ಕೋಟೆ ಇಲ್ಲೇ ಇದೆ ಎಂದು ಹತ್ತು ವರ್ಷದಿಂದ ವಾದಿಸಿದವಳು ನಗೆಪಾಟಲಿಗೀಡಾಗುವಳು. "ನೀವು ಇಲ್ಲೇ ಹುಟ್ಟಿದೋರು, ದಿಬ್ಬ ನೋಡಿದ್ದೀರಾ?" ಎಂದು ಮೊದಲ ದಿನವೇ ಕೇಳಿದ್ದಳು. ಇಲ್ಲ ಎಂದಿದ್ದ.

ನೋಡದೆ ಏನು, ಅದರ ಮೇಲೆ ಆಡಿಯೇ ಬೆಳೆದವನು! ಪೂರ್ವದ ಮೂಲೆಯಲ್ಲಿ ಸರ್ವೆ ಯಂತ್ರ ನೆಲದಡಿ ಭಾರೀ ಕಬ್ಬಿಣ ತೋರಿಸಿದಾಗ, "ಈಗಿನ ಕಾಲದ ಗುಜರಿ, ಬೇಡ" ಎಂದು ಮಾರೆಡ್ ನಕ್ಷೆಯ ಮೇಲೆ ಬರೆದಳು. ಅವನು ಹೂಂ ಎಂದು ಗಾಡಿಯನ್ನು ಬೇರೆ ಕಡೆ ತಿರುಗಿಸಿದ.

ಶುಕ್ರವಾರ ಮಧ್ಯಾಹ್ನದವರೆಗೂ ಬರೀ ಜೇಡಿಮಣ್ಣು. ಮಾರೆಡ್ ಹೆಲ್ಮೆಟ್ ಕಳಚಿ ಹುಲ್ಲಿನ ಮೇಲೆ ಕುಸಿದಳು.

"ಮುಗೀತು ಕಣ್ರೀ. ಗಾಡಿ ಆಫ್ ಮಾಡಿ."

ಅವಳ ದನಿ ಒಡೆದಿತ್ತು. ಸತ್ತ ಅಪ್ಪನಿಗೆ ಕೊಟ್ಟ ಮಾತು ಒಂದು ಕಡೆ, ಎದುರಿಗೆ ಇವಳು. ಗೆಥಿನ್ ಗಾಡಿಯನ್ನು ಪೂರ್ವದ ಮೂಲೆಗೆ ತಿರುಗಿಸಿದ.

"ಅಲ್ಲಿ ಗುಜರಿ ಇದೆ ಅಂದೆನಲ್ಲ," ಎನ್ನುತ್ತ ಅವಳು ಕೈ ಎತ್ತಿಕೊಂಡೇ ಓಡಿಬಂದಳು. ಅವನು ನಿಲ್ಲಿಸಲಿಲ್ಲ.

ಮೂರನೆಯ ಬಕೆಟ್ಟಿಗೆ ಕಪ್ಪು ಮಣ್ಣು ಬಳೆಯ ಹಾಗೆ ಬಾಗಿ ಕಂಡಿತು. ಕಂದಕ! ಮಾರೆಡ್ ಬಾಯಿಗೆ ಕೈ ಅಡ್ಡ ಹಿಡಿದಳು. ಇನ್ನಷ್ಟು ಆಳಕ್ಕೆ ಹೋದಾಗ ಕೆಂಪು ಬಣ್ಣದ ಕಬ್ಬಿಣ ಕಂಡಿತು. ಗೆಥಿನ್ ಇಂಜಿನ್ ನಿಲ್ಲಿಸಿ ಇಳಿದ.

"ಟ್ರ್ಯಾಕ್ಟರ್. ನನ್ನ ತಮ್ಮ ಇವಾನ್ ಇದರಡಿ ಸತ್ತ. ದಿಬ್ಬದ ಮೇಲೆ ಮುಳ್ಳು ಸವರೋಕೆ ಹೋಗಿದ್ದ, ಮಗುಚಿಕೊಳ್ತು. ಹತ್ತೊಂಬತ್ತು ವರ್ಷ ಅವನಿಗೆ. ಆವತ್ತು ನನ್ನ ಸರದಿ, ನಾನು ಮಲಗಿಬಿಟ್ಟಿದ್ದೆ. ಅವನನ್ನ ಮಣ್ಣು ಮಾಡಿದ ಮಾರನೇ ದಿನ ಅಪ್ಪ ಬುಲ್ಡೋಜರ್ ತಂದು ದಿಬ್ಬಾನೇ ಕೆಡವಿ ಇದರ ಮೇಲೆ ಹಾಕಿದ. ಯಾರಿಗೂ ಹೇಳಬೇಡ ಅಂದ."

"ಮೂರು ವಾರ ನನ್ನ ಕೈಲಿ ಸುಮ್ಮನೆ ಅಗೆಸಿದ್ರಿ."

"ಹೂಂ. ಗಣಿಯೋರು ಎಲ್ಲಾ ನುಂಗಿಬಿಡಲಿ ಅಂತಿದ್ದೆ. ನಿಮ್ಮನ್ನ ಇಷ್ಟು ಹಚ್ಕೊಳ್ತೀನಿ ಅಂತ ಆಗ ಗೊತ್ತಿರಲಿಲ್ಲ."

ಅವಳ ಮುಖ ಸಿಟ್ಟಿನಿಂದ ಕೆಂಪಾಗಿತ್ತು. ಆದರೂ ಕಂದಕಕ್ಕಿಳಿದಳು. ಕರಣೆಯಿಂದ ಟ್ರ್ಯಾಕ್ಟರಿನ ಸೀಟಿನ ಮೇಲಿನ ಮಣ್ಣನ್ನು ಮೆಲ್ಲಗೆ ಕೆರೆದಳು. ನಕ್ಷೆ ತೆಗೆದು "ಗುಜರಿ" ಎಂಬುದನ್ನು ಹೊಡೆದುಹಾಕಿ, ಅಲ್ಲಿ ಇವಾನ್ ಎಂದು ಬರೆದಳು.

"ಇದನ್ನ ಎತ್ತೋಕೆ ಬೇರೆ ಡ್ರೈವರ್ ಕರೆಸ್ತೀರಾ?" ಅವನು ಕೇಳಿದ.

"ಸಿಟ್ಟು ಇಳಿದಿಲ್ಲ ನಂಗೆ," ಎಂದಳು. "ಆದ್ರೆ ಬೇರೆಯೋರು ಬಕೆಟ್ ನೋಡ್ತಾರೆ. ನೀವೇ ಎತ್ತಿ, ನಿಧಾನಕ್ಕೆ. ನಾನು ಮುಂದೆ ನಿಂತಿರ್ತೀನಿ."